ರಮ್ ಹಾಕಿದ ಗಸಗಸೆ ಪಾಯಸ

ಕುಡಿದವರು ಹುಳದ ಮನೆಗೆ ಕಾಲಿಡಬಾರದು. ಹೋಳೂರಿನ ಹತ್ತಿರದ ನಮ್ಮ ಮನೆಯಲ್ಲಿ ಈ ಕಟ್ಟಳೆ ಮೀರಿದವರಿಲ್ಲ. ವಾಸನೆಗೆ ರೇಷ್ಮೆ ಹುಳ ಸಾಯುತ್ತದೆ ಎನ್ನುತ್ತಿದ್ದರು. ಕಟ್ಟಳೆ ಹುಳಕ್ಕೆ ಒಳ್ಳೆಯದೇ ಇರಬಹುದು. ಗಂಡಸರಿಗಂತೂ ಬಹಳ ಒಳ್ಳೆಯದಾಗಿತ್ತು. ಯುಗಾದಿಯ ಮರುದಿನ, ಹೊಸತೊಡಕಿಗೆ, ಅವರು ಜಗುಲಿಯಲ್ಲಿ ಬಾಟಲಿ ಬಿಚ್ಚುವರು. ಅತ್ತೆಯೂ ನಾನೂ ಬಾಡು ಬೇಯಿಸಿ, ಬಡಿಸಿ, ನಡುನಡುವೆ ಹುಳಕ್ಕೆ ಸೊಪ್ಪು ಹಾಕಲು ಓಡುವೆವು. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಆಗುತ್ತದೆ ಎನ್ನುವ ಮಾತು ಬೇರೆ. ಮದುವೆಯಾಗಿ ಆರು ವರ್ಷ ನನಗೆ ಅದೇ ಆಯಿತು. ಅತ್ತೆಗೆ ನಲವತ್ತು ವರ್ಷದಿಂದ ಅದೇ.

ಎಂಬತ್ತರ ದಶಕದ ನಡುವಿನ ಒಂದು ವರ್ಷ, ಮಿಲಿಟರಿಯಲ್ಲಿದ್ದ ನನ್ನ ಅಣ್ಣ ಕ್ಯಾಂಟೀನಿನ ರಮ್ ತಂದ. ಅವರ ಸಾಹೇಬರು ಊಟವಾದ ಮೇಲೆ ಕೆನೆ ಬೆರೆಸಿದ ಫಾರಿನ್ ಮದ್ಯ ಕುಡಿಯುತ್ತಾರಂತೆ, ಸಿಹಿಯ ಬದಲು. "ಹೆಚ್ಚೂ ಕಮ್ಮಿ ಪಾಯಸಾನೇ ಕಣೇ," ಅಂದ. ಪಾಯಸ ಮಾಡುವುದನ್ನು ನನಗೆ ಯಾವ ಸಾಹೇಬನೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಬಾಟಲಿ ಎತ್ತಿಟ್ಟುಕೊಂಡೆ.

ಹೊಸತೊಡಕಿನ ಬೆಳಿಗ್ಗೆ ಗಸಗಸೆ, ಕೊಬ್ಬರಿ ಹುರಿದು ರುಬ್ಬಿದೆ. ಅವಸರದಲ್ಲಿ ಕುದಿಯುವ ಹಾಲಿಗೇ ಬೆಲ್ಲ ಹಾಕಿ ಮೊದಲ ಪಾತ್ರೆಯ ಹಾಲು ಒಡೆದುಹೋಯಿತು. ಬಿಡಲಿಲ್ಲ. ಎರಡನೆಯದನ್ನು ಚೆನ್ನಾಗಿ ಆರಿಸಿ, ಬೆಲ್ಲದ ಪಾಕ ಸೇರಿಸಿ, ಕೆನೆ ಕಡೆದು ಹಾಕಿ, ಏಲಕ್ಕಿ ಉದುರಿಸಿ, ಕೊನೆಗೆ ರಮ್ ಸುರಿದೆ. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟೆ. ರುಚಿ ನೋಡಿದರೆ ನಾಲಿಗೆಗೆ ಪಾಯಸ, ಗಂಟಲಿಗೆ ಕೆಂಡ.

ಮಧ್ಯಾಹ್ನ ಮಾವ ಜಗುಲಿಯಿಂದ ಕೂಗಿದರು. "ಹುಳಕ್ಕೆ ಸೊಪ್ಪು ಹಾಕಿದ್ರೇನಮ್ಮಾ?"

ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಕಳೆದು ಎದ್ದಿತ್ತು. ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡು ಹಗುರಾಗುವ ಕಾಲ. ನಾನು ಲೋಟ ಹಿಡಿದೇ ಹೊರಗೆ ಬಂದೆ, ಅವರೆದುರಿಗೇ ಕುಡಿದೆ.

"ನಾನೂ ಕುಡಿದಿದ್ದೀನಿ ಮಾವ. ಇವತ್ತು ಹುಳದ ಮನೆಗೆ ಹೋಗಂಗಿಲ್ಲ."

ಗಂಡ ಬಾಯಿ ಬಿಟ್ಟುಕೊಂಡು ಕೂತರು. ಅವರ ಲೋಟ ಆಗತಾನೇ ತುಂಬಿತ್ತು, ಇನ್ನೂ ತುಟಿಗೆ ತಾಕಿರಲಿಲ್ಲ.

"ಮಾನ ಮರ್ಯಾದೆ ಐತಾ ನಿಂಗೆ?" ಎಂದ ಮಾವ, ಒಳಗೆ ತಿರುಗಿ ಅತ್ತೆಗೆ ಹೇಳಿದರು, "ಲೇ, ನೀನು ಹೋಗೇ."

ಅಲ್ಲಿಗೆ ನನ್ನ ಧೈರ್ಯ ಜರ್ರನೆ ಇಳಿಯಿತು. ನನ್ನ ಹಟದ ಭಾರವೆಲ್ಲ ಆ ಮುದುಕಿಯ ತಲೆಗೆ ಕಟ್ಟಿದೆನಲ್ಲ ಎಂದು ನಾಚಿಕೆಯಾಯಿತು. ಅತ್ತೆ ಸೊಪ್ಪಿನ ಬುಟ್ಟಿ ಸೊಂಟಕ್ಕೇರಿಸಿ ಹೊಸ್ತಿಲಿಗೆ ಬಂದರು. ಮುಳಬಾಗಿಲು ಕಡೆಯವರು, ಸಿಟ್ಟು ಬಂದರೆ ಬಾಯಿಗೆ ತೆಲುಗೇ ಬರುವುದು. ನನ್ನ ಲೋಟ ಇಸಿದುಕೊಂಡು ಮೂಸಿದರು.

"ಇದೇಮೇ?"

"ಪಾಯಸ ಅತ್ತೆ. ರಮ್ ಹಾಕಿದ್ದೀನಿ. ನಿಮಗೂ ಇಟ್ಟಿದ್ದೀನಿ."

ಅವರು ಬುಟ್ಟಿ ಕೆಳಗಿಟ್ಟರು. ಒಳಗೆ ಹೋಗಿ, ಲೋಟ ತುಂಬಿಸಿಕೊಂಡು ಬಂದು, ಕಂಬಕ್ಕೆ ಒರಗಿ, ಮಾವನನ್ನೇ ನೋಡುತ್ತಾ ನಿಧಾನವಾಗಿ ಅಷ್ಟನ್ನೂ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು ಬುಟ್ಟಿಯನ್ನು ಮಗನ ಮುಂದಕ್ಕೆ ಸರಿಸಿದರು.

"ನೀನಿನ್ನೂ ಕುಡಿದಿಲ್ಲ ಅಲ್ವೇನ್ಲಾ? ಎದ್ದೋಗು, ಹುಳ ಹಸ್ಕೊಂಡವೆ."