ಕತ್ತರಿಯ ಬಾಯಿ ತೆರೆದ ದಿನ

ಆಪರೇಷನ್ ಆದ ಮರುದಿನ ಬೆಳಿಗ್ಗೆ ಅತ್ತೆ ಕಾಫಿ ಲೋಟ ಕೊಟ್ಟರು. ಬಲಗೈ ಚಾಚಿದೆ. ಮಣಿಕಟ್ಟು ಮೇಲೇಳಲಿಲ್ಲ. ಬೆರಳುಗಳು ನನ್ನವಲ್ಲವೆಂಬಂತೆ ಜೋತುಬಿದ್ದಿದ್ದವು.

ಸಿಂಗಟಗೆರೆಯಿಂದ ಕಡೂರಿನ ನನ್ನ ಹೊಲಿಗೆ ಅಂಗಡಿಗೆ ಬರುವಾಗ ಸ್ಕೂಟಿ ಜಾರಿ ತೋಳಿನ ಮೂಳೆ ಮುರಿದಿತ್ತು. ನೋವಿನಲ್ಲಿ, ಕಟ್ಟಿನಲ್ಲಿ ಬೆರಳುಗಳ ಕಡೆ ಗಮನವೇ ಹೋಗಿರಲಿಲ್ಲ.

"ಮೂಳೆ ಪಕ್ಕದ ರೇಡಿಯಲ್ ನರ್ವ್‌ಗೆ, ಅಂದ್ರೆ ಮಣಿಕಟ್ಟು, ಬೆರಳು ಎತ್ತೋ ನರಕ್ಕೆ ಪೆಟ್ಟಾಗಿದೆ," ಎಂದರು ಡಾಕ್ಟರ್. "ತುಂಡಾಗಿಲ್ಲ. ಚೇತರಿಸಿಕೊಳ್ಳತ್ತೆ, ಆದ್ರೆ ನಿಧಾನ. ಅಲ್ಲೀವರೆಗೂ ಕೈ ಬಿಗಿದುಕೊಳ್ಳದಂಗೆ ನೋಡ್ಕೋಬೇಕು. ಎಕ್ಸರ್‌ಸೈಜ್ ಬಿಡ್ಬೇಡಿ."

"ಮತ್ತೆ ಹೊಲೀಬೋದಾ ಸಾರ್?"

"ನೋಡೋಣ," ಎಂದು ಅವರು ಚೀಟಿಯಲ್ಲಿ ಫಿಸಿಯೋಥೆರಪಿ ಎಂದು ಬರೆದುಕೊಟ್ಟರು.

ಹೊಲಿಗೆ ಹಾಕಿದ್ದ ಗಾಯ ಮಾಗಿದ ಮೇಲೆ ಅಂಗಡಿ ಬಾಗಿಲು ತೆಗೆಸಿ ಕತ್ತರಿ ಹಿಡಿದೆ. ಬೆರಳು ಮಡಚಲು ಬರುತ್ತಿತ್ತು. ಬಿಚ್ಚಲು ಬರುತ್ತಿರಲಿಲ್ಲ.

ಮುಚ್ಚಿದ ಕತ್ತರಿ ಮುಚ್ಚಿದಂತೆಯೇ ಇತ್ತು.

ಫಿಸಿಯೋಥೆರಪಿಸ್ಟ್ ಚಿಕ್ಕ ವಯಸ್ಸಿನ ಹುಡುಗಿ. ಮಣಿಕಟ್ಟು ಜೋಲದಂತೆ ಸ್ಪ್ಲಿಂಟ್ ಎಂಬ ಆಸರೆ ಪಟ್ಟಿ ಕಟ್ಟಿದಳು. ಮುಂಗೈಯನ್ನು ಮೇಜಿನ ಮೇಲಿಟ್ಟು, ಎಡಗೈಯಿಂದ ಮಣಿಕಟ್ಟನ್ನು ಎತ್ತುವುದನ್ನು ಹೇಳಿಕೊಟ್ಟಳು. "ಎತ್ತುವಾಗ ಮನಸ್ಸಲ್ಲೂ ಎತ್ತಿ ಅಕ್ಕ. ಅದು ಅಲ್ಲಾಡದಿದ್ರೂ ಪರವಾಗಿಲ್ಲ."

ಅಲ್ಲಾಡದ ಕೈಯನ್ನು ದಿನಾ ಎತ್ತುವುದೆಂದರೆ ಯಾರೂ ಇಲ್ಲದ ಮನೆಯ ಬಾಗಿಲು ತಟ್ಟಿದ ಹಾಗೆ. ಅತ್ತೆ ಮಾತ್ರ ಬಿಡುತ್ತಿರಲಿಲ್ಲ. ಒಲೆ ಮುಂದಿನ ಕೆಲಸ ಮುಗಿಸಿ ಎದುರು ಕೂರುತ್ತಿದ್ದರು. ಒಮ್ಮೆ ನಾನು ಆತುರಬಿದ್ದು ಬಲಗೈಗೆ ನೀರಿನ ಬಾಟಲಿ ಕಟ್ಟಿಕೊಂಡು ಎಳೆದಾಡಿದೆ. ಮಣಿಕಟ್ಟು ಊದಿಕೊಂಡಿತು. ಫಿಸಿಯೋ ಹುಡುಗಿ ಬೈಯಲಿಲ್ಲ. "ನರ ತೋಳಿಂದ ಕೆಳಕ್ಕೆ ಬೆಳ್ಕೊಂಡು ಬರ್ತಾ ಇನ್ನೂ ದಾರೀಲಿದೆ ಅಕ್ಕ. ನೀವು ಜೋರು ಮಾಡಿದ್ರೆ ಅದೇನೂ ಬೇಗ ಬರಲ್ಲ," ಎಂದಳು.

ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಅತ್ತೆ ನನ್ನ ಮುಂಗೈ ಮೇಲೆ ಬಗ್ಗಿದರು.

"ಏನೇ ಅದು, ಚರ್ಮದ್ ಒಳಗೆ ಮಿಸುಕ್ದಂಗಾಯ್ತು?"

"ಎಲ್ಲತ್ತೆ?"

"ಇಲ್ಲೇ ಕಣೇ. ಇನ್ನೊಂದ್ಸಲ ಮಾಡು."

ಮಾಡಿದೆ. ಮಿಸುಕಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಮಾಡು ಎಂದರು.

ಅಲ್ಲಿಂದ ವ್ಯಾಯಾಮ ಶಿಕ್ಷೆಯಾಗಿ ಉಳಿಯಲಿಲ್ಲ. ಬೆರಳಿಗೆ ರಬ್ಬರ್‌ಬ್ಯಾಂಡ್ ಹಾಕಿ ಅಗಲಿಸಿದೆ, ರೊಟ್ಟಿ ಹಿಟ್ಟು ತಟ್ಟಿದೆ, ಒದ್ದೆ ಬಟ್ಟೆ ಕೊಡವಿದೆ. ನರ ತನ್ನಷ್ಟಕ್ಕೆ ಬೆಳೆಯಿತೋ, ವ್ಯಾಯಾಮ ಬೆಳೆಸಿತೋ ಎಂದು ಡಾಕ್ಟರನ್ನು ಕೇಳಿದೆ. "ನರ ತಾನೇ ಬಂತು. ಅದು ಬರೋ ಹೊತ್ತಿಗೆ ಕೀಲು ಸಡಿಲವಾಗಿದ್ದಿದ್ದು, ಬಂದ ಮೇಲೆ ಸ್ನಾಯು ಕೆಲಸ ಕಲಿತಿದ್ದು ನಿಮ್ಮಿಂದ," ಎಂದರು.

ಕತ್ತರಿ ಬಾಯಿ ತೆರೆಯಿತು.

ಮೊದಲು ಕತ್ತರಿಸಿದ್ದು ಅತ್ತೆಯ ರವಿಕೆ ಬಟ್ಟೆ. ಅಂಚು ಸೊಟ್ಟಗಾಯಿತು. ಅವರು ಅದನ್ನೇ ತೊಟ್ಟರು.

ಹೆಬ್ಬೆರಳು ಇನ್ನೂ ಸ್ವಲ್ಪ ಸೋಮಾರಿ. ಸಂಜೆಗೆ ತೋಳು ಸೋಲುತ್ತದೆ. ಕೆಲವರ ನರ ಇಷ್ಟು ದೂರ ಬರುವುದಿಲ್ಲವೆಂದೂ ಗೊತ್ತು.

ಮೊನ್ನೆ ಲೈನಿಂಗ್ ಬಟ್ಟೆ ತರಲು ಅತ್ತೆಯ ಜೊತೆ ಬೀರೂರಿಗೆ ಹೊರಟೆ. ದೂರದಲ್ಲಿ ಬಸ್ ಕಂಡಾಗ ಬಲಗೈ ಎತ್ತಿದೆ. ಮಣಿಕಟ್ಟು ನೆಟ್ಟಗೆ, ಐದೂ ಬೆರಳು ಅಗಲವಾಗಿ. ಡ್ರೈವರ್ ಬ್ರೇಕ್ ಹಾಕಿದ.

"ಇನ್ನೆಷ್ಟೊತ್ತು ಎತ್ಕೊಂಡಿರ್ತೀಯೇ," ಎಂದರು ಅತ್ತೆ. "ಬಸ್ಸು ನಿಂತೈತೆ, ಹತ್ತು."