ತಾತನ ಮೂಗು

ಒಗ್ಗರಣೆ ಮಂಡಕ್ಕಿಗೆ ಬೆಳ್ಳುಳ್ಳಿ ಜಜ್ಜಿ ಎಣ್ಣೆಗೆ ಹಾಕಿದರೆ ನಿಮಗೆ ಬಾಯಲ್ಲಿ ನೀರೂರಬಹುದು. ನನಗೆ ಮಾತ್ರ ಹರಿಹರದ ಅತ್ತೆಯ ಮನೆ ಮತ್ತು ಗಿರಿಜೆಯ ಕಿವಿ ನೆನಪಾಗುತ್ತವೆ.

ಗಿರಿಜೆ ಅತ್ತೆಯ ಒಬ್ಬಳೇ ಮಗಳು. ಅವಳ ಕಿವಿ ಸದಾ ಸೋರುತ್ತಿತ್ತು. ಅದು ನಿಂತರೆ ಕೆಮ್ಮು, ಕೆಮ್ಮು ಹೋದರೆ ಜ್ವರ. ಅತ್ತೆ ಬೆಳ್ಳುಳ್ಳಿ ಎಣ್ಣೆ ಬಿಡುತ್ತಾ, ಕಿವಿಗೆ ನೀರು ಹೋಗಿದೆಯೆಂದು ತುಂಗಭದ್ರೆಯನ್ನು ಬೈಯುತ್ತಿದ್ದರು. ದಾವಣಗೆರೆಯಿಂದ ರಜೆಗೆ ಹೋದ ನಾನು ಎಲ್ಲ ಬಲ್ಲವನಂತೆ ತಲೆಯಾಡಿಸುತ್ತಿದ್ದೆ. ದಿನವಿಡೀ ಹೊಳೆಯಲ್ಲೇ ಬಿದ್ದಿರುತ್ತಿದ್ದ ನನ್ನ ಕಿವಿ ಯಾಕೆ ಸೋರುವುದಿಲ್ಲ ಎಂಬುದು ನನಗೆ ಹೊಳೆದಿರಲೇ ಇಲ್ಲ.

ಅವಳ ಮುಖದ ವಿಷಯದಲ್ಲಂತೂ ಯಾರಿಗೂ ಅನುಮಾನವಿರಲಿಲ್ಲ. ಅಗಲ ಹಣೆ, ಚಪ್ಪಟೆ ಮೂಗು, ದಪ್ಪ ದವಡೆ. ಪಡಸಾಲೆಯ ಗೋಡೆಯ ಮೇಲಿದ್ದ ತಾತನ ಫೋಟೊ ತೋರಿಸಿ, "ಥೇಟ್ ನಮ್ಮಪ್ಪನ ಮೂಗು ಐತೆ ನೋಡ್ರಿ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅತ್ತೆಯನ್ನು ತಾತನ ತಂಗಿಯ ಮಗನಿಗೇ ಕೊಟ್ಟಿದ್ದರಿಂದ ಮನೆತನದ ಮುಖ ಎರಡೂ ಕಡೆಯಿಂದ ಬಂದಿದೆ ಎಂಬ ಹೆಮ್ಮೆ ಬೇರೆ.

ಮುಂದೆ ಅವಳಿಗೆ ಕಿವಿ ಮಂದವಾಯಿತು. ನ್ಯುಮೋನಿಯಾ ಬಂದು ಉಳಿಯುವುದೇ ಕಷ್ಟ ಎನ್ನುವಂತಾದಾಗ ದಾವಣಗೆರೆಯ ಡಾಕ್ಟರೊಬ್ಬರು ಕಿವಿಯ ಜೊತೆಗೆ ಮುಖ, ಬೆನ್ನುಮೂಳೆಯನ್ನೂ ನೋಡಿ, ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿದರು. ಜೀವಕೋಶದೊಳಗಿನ ಕಸ ಕರಗಿಸುವ ಒಂದು ಕಿಣ್ವ ಅವಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಂತೆ. ಆ ಕಸ ಕೂತು ಕೂತು ಮೂಳೆ, ಮುಖ, ಕಿವಿ ಕೆಡುತ್ತವಂತೆ. ರೋಗದ ಜೊತೆ ಹೊಡೆದಾಡಬೇಕಾದ ಕೋಶಗಳೂ ಸೋಲುತ್ತವಂತೆ. ಇದು ಅಪ್ಪ ಅಮ್ಮ ಇಬ್ಬರೂ ಗೊತ್ತಿಲ್ಲದೆ ಕೊಟ್ಟದ್ದು.

"ಕಿವಿಗೆ ಎಣ್ಣಿ ಬಿಡಬ್ಯಾಡ್ರಿ. ಜ್ವರ ಬಂದ್ರೆ ಆವತ್ತೇ ಕರ್ಕೊಂಡ್ ಬರ್ರಿ" ಎಂದರು ಡಾಕ್ಟರು.

ಕಣ್ಣಿಗೆ ಕಾಣದಷ್ಟು ಸಣ್ಣ ಕೋಶದಲ್ಲೂ ಕಸ ತೆಗೆಯುವ ಕೆಲಸ ನಡೆಯುತ್ತದೆ ಎಂಬುದೇ ನನಗೆ ಬೆರಗು. ಅದೇ ಮನೆತನದ ನನ್ನೊಳಗೂ ಆ ಕೊರತೆಯ ಅರ್ಧ ಪಾಲು ಇದ್ದರೂ ಇದ್ದೀತು ಎಂದುಕೊಂಡು ಮೈಯನ್ನೇ ಅನುಮಾನದಿಂದ ನೋಡಿಕೊಂಡೆ.

ಊರಿಗೆ ಬಂದ ಕೂಡಲೇ ಅತ್ತೆ ತಾತನ ಫೋಟೊ ಇಳಿಸಿಬಿಟ್ಟರು.

"ಫೋಟೊ ಯಾಕ ತೆಗದಿ?" ಎಂದಳು ಗಿರಿಜೆ.

"ಅದು ಅಪ್ಪನ ಮೂಗಲ್ಲಂತೆ. ಕಾಯಿಲೆ ಮಾಡಿದ್ದಂತೆ." ಅತ್ತೆ ಕಣ್ಣೊರೆಸಿಕೊಂಡರು.

"ಹಂಗಾರೆ ಕನ್ನಡ್ಯಾಗ ನಾ ಯಾರನ್ನ ನೋಡ್ಲಿ?"

 

ಇವತ್ತು ಗಿರಿಜೆ ತಪಾಸಣೆ ಮುಗಿಸಿಕೊಂಡು ನಮ್ಮ ಮನೆಗೆ ಬಂದಿದ್ದಾಳೆ. ಜ್ವರಗಳು ಈಗಲೂ ಬರುತ್ತವೆ, ಹೆದರಿಸಿ ಹೋಗುತ್ತವೆ. ಕಿವಿಯ ಮಷಿನ್ ಸರಿಮಾಡಿಕೊಂಡು, ನಾನು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಅಡಿಗೆಮನೆಯಲ್ಲೇ ಕೂತಳು.

"ಬೆಳ್ಳುಳ್ಳಿ ಜಾಸ್ತಿ ಹಾಕು ಭಾವ, ಈಗ ಕಿವಿಗಲ್ಲ" ಎಂದಳು. ಆಮೇಲೆ, "ತಾತನ ಫೋಟೊ ತಿರುಗಿ ಹಾಕೀನಿ. ನಂದೂ ಒಂದು ಪಕ್ಕಕ್ಕೆ ಹಾಕಿದ್ದೆ. ಬದುಕಿರೋರ್ದು ಸತ್ತೋರ ಪಕ್ಕ ಹಾಕಬಾರ್ದು ಅಂತ ಅವ್ವ ಬೈದ್ಲು."

"ತೆಗೆದೆಯಾ ಮತ್ತೆ?"

"ಎದುರಿನ ಗೋಡಿಗೆ ಹಾಕೀನಿ. ತಾತನೂ ನೋಡ್ಲಿ, ನಾ ಹೆಂಗದೀನಿ ಅಂತ."

ಬೆಳ್ಳುಳ್ಳಿಯ ವಾಸನೆಗೆ ಅವಳ ಮೂಗು ಅರಳಿತು. ನಾನು ಅದನ್ನು ಯಾರ ಮೂಗಿಗೂ ಹೋಲಿಸದೆ ನೋಡಿದ್ದು ಇದೇ ಮೊದಲು.