ಮಳೆಗಾಲದಲ್ಲಿ ಯಾರೂ ಕೇಳದ ಇಂಡೆಕ್ಸ್

ಅನ್ನಪೂರ್ಣಾ ಆ ಸಕ್ಕರೆ ಕಾರ್ಖಾನೆಯ ಕಬ್ಬಿನ ಕಚೇರಿಗೆ ಮೊದಲು ಕಾಲಿಟ್ಟದ್ದು 1999ರ ಜೂನ್ ತಿಂಗಳ ಒಂದು ಸೋಮವಾರ. ಕಾರ್ಖಾನೆ ಇದ್ದದ್ದು ಗೋಕಾಕ–ಮೂಡಲಗಿ ರಸ್ತೆಯ ಮಗ್ಗುಲಿಗೆ. ಬಸ್ಸಿನಿಂದ ಇಳಿಯುವಾಗ ಜಿಟಿಜಿಟಿ ಮಳೆ. ಚಪ್ಪಲಿಗೆ ಮೆತ್ತಿದ್ದ ಎರೆಮಣ್ಣನ್ನು ಮೆಟ್ಟಿಲಿನ ಅಂಚಿಗೆ ತಿಕ್ಕಿ, ಪ್ಲಾಸ್ಟಿಕ್ ಚೀಲದಲ್ಲಿದ್ದ ಬಿ.ಎಸ್ಸಿ. ಅಂಕಪಟ್ಟಿ ನೆನೆದಿಲ್ಲವೆಂದು ಮುಟ್ಟಿ ನೋಡಿಕೊಂಡು ಒಳಗೆ ಹೋದಳು.

ಒಳಗೆ ಇಬ್ಬರಿದ್ದರು. ಮೇಜಿನ ಆಚೆ ಹಿರಿಯ ಗುಮಾಸ್ತ ಉದ್ದಪ್ಪ, ಮೂಗಿನ ತುದಿಗೆ ಇಳಿದ ಕನ್ನಡಕ. ಈಚೆ ಬಾಕಿನ ಮೇಲೆ ಕೊಣ್ಣೂರ ಕಡೆಯ ಜಿನ್ನವ್ವ. ಐವತ್ತೈದು ದಾಟಿದ ಹೆಂಗಸು, ನಾಲ್ಕೆಕರೆಯ ಒಡತಿ, ಹೊಸ ನಾಟಿ ಬರೆಸಲು ಬಂದವಳು. ಅವಳ ಉಡಿಯಲ್ಲಿ ಹುರಿದ ಶೇಂಗಾ ಇತ್ತು.

"ಬಾ ತಂಗಿ," ಎಂದ ಉದ್ದಪ್ಪ, ಮೂಲೆಯ ಕಂಪ್ಯೂಟರಿನ ಕಡೆ ಕೈ ಮಾಡಿ. "ಈ ಆಯಿದ ಹೊಲಾ ಆ ಡಬ್ಬ್ಯಾಗ ಬರಿ ನೋಡೋಣು. ಬರದರ ನೌಕರಿ, ಇಲ್ಲಾಂದ್ರ ಮುಂದಿನ ಬಸ್ಸು."

ಅನ್ನಪೂರ್ಣಾ ಕುಳಿತಳು. ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಿಮ್ಮ ಹೆಸರೇನ್ರಿ, ಆಯಿ?"

ಜಿನ್ನವ್ವ ನಕ್ಕಳು. "ಹೆಸರ ತಗೊಂಡ ಏನ ಮಾಡ್ತಿ? ನಮ್ಮೂರಾಗ ಜಿನ್ನವ್ವ ಪಾಟೀಲ ಅಂದ್ರ ಹನ್ನೊಂದ ಮಂದಿ ಅದೇವಿ. ಅದರಾಗ ಇಬ್ಬರ ಗಂಡಂದಿರ ಹೆಸರೂ ಒಂದ ಐತಿ. ಹೊಲದ ನಂಬರ ಕೇಳವ್ವಾ. ಅದೊಂದ ತಪ್ಪೂದಿಲ್ಲ."

ಉದ್ದಪ್ಪ ತನ್ನ ದಪ್ಪ ರಜಿಸ್ಟರನ್ನು ಎಳೆದು ತೋರಿಸಿದ. ಹಾಳೆಗಳ ಅಂಚಿಗೆ ಹಳೆಯ ಸೀರೆಯ ಪಟ್ಟಿಗಳನ್ನು ಅಂಟಿಸಿದ್ದ, ಊರಿಗೊಂದು ಬಣ್ಣ. ಊರಿನೊಳಗೆ ಹೊಲದ ನಂಬರಿನ ಪ್ರಕಾರ ಹಾಳೆ. ಕೆಂಪು ಪಟ್ಟಿ ಹಿಡಿದು ಎಳೆದ, ನಾಲ್ಕು ಹಾಳೆ ಸರಿಸಿದ, ಜಿನ್ನವ್ವನ ಹೊಲ ಸಿಕ್ಕಿತು. ಅಷ್ಟರಲ್ಲಿ ಅವನು ಬಾಯಿಗೆ ಹಾಕಿಕೊಂಡಿದ್ದ ಜಿನ್ನವ್ವನ ಶೇಂಗಾ ಇನ್ನೂ ಮುಗಿದಿರಲಿಲ್ಲ.

ಆ ದಿನದ ಪಾಠವನ್ನು ಅನ್ನಪೂರ್ಣಾ ಮರೆಯಲಿಲ್ಲ. ಎರಡು ವರ್ಷದಲ್ಲಿ ನಲವತ್ಮೂರು ಊರುಗಳ ಹೊಲಗಳೆಲ್ಲ ಕಂಪ್ಯೂಟರಿಗೆ ಬಂದವು, ಸಾಲುಗಳು ಲಕ್ಷ ದಾಟಿದವು, ಹುಡುಕುವುದು ನಿಧಾನವಾಯಿತು. ಆಗ ಅವಳು ಹುಕ್ಕೇರಿಯ ಮುಖ್ಯ ಕಚೇರಿಗೆ ಹೋಗಿ, ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದ ಸಂಕೇಶ್ವರದ ಅಭಿನಂದನನಿಂದ ಒಂದು ಇಂಡೆಕ್ಸ್ ಮಾಡಿಸಿಕೊಂಡು ಬಂದಳು. ಉದ್ದಪ್ಪನ ಸೀರೆಯ ಪಟ್ಟಿಗಳನ್ನೇ ಯಂತ್ರದೊಳಗೆ ಅಂಟಿಸಿದಂತೆ: ಮೊದಲು ಊರು, ಆಮೇಲೆ ಹೊಲದ ನಂಬರು. ಯಂತ್ರ ಎಲ್ಲ ಸಾಲು ಓದಬೇಕಾಗಿಲ್ಲ, ನೇರ ಆ ಹಾಳೆಗೇ ಹೋಗಿ ನಿಲ್ಲುತ್ತದೆ. ಹಂಗಾಮಿನಲ್ಲಿ ಕಬ್ಬು ಕಡಿದು ತರಲು ರೈತರಿಗೆ ಕೊಡುವ ಚೀಟಿ ಮೂರು ಸೆಕೆಂಡಿಗೆ ಬರತೊಡಗಿತು.

2006ರ ಬೇಸಿಗೆಯಲ್ಲಿ, ಕಾರ್ಖಾನೆಯೊಡನೆ ಕರಾರು ಮಾಡಿಕೊಂಡ ಪುಣೆಯ ಒಂದು ಕಂಪನಿ ಕಂಪ್ಯೂಟರಿನೊಳಗೆ ಹೊಸ ಸಾಧನ ಕೂಡಿಸಿತು. ಅದು ಭಾನುವಾರಕ್ಕೊಮ್ಮೆ ತಾನಾಗಿಯೇ ಎದ್ದು ಇಂಡೆಕ್ಸುಗಳನ್ನು ತಪಾಸಣೆ ಮಾಡುತ್ತಿತ್ತು. ಕೆಟ್ಟದ್ದನ್ನು ಹೊಸದಾಗಿ ಕಟ್ಟುತ್ತಿತ್ತು, ತೊಂಬತ್ತು ದಿನ ಯಾರೂ ಬಳಸದ್ದನ್ನು ಕಿತ್ತು ಹಾಕುತ್ತಿತ್ತು. ಸೋಮವಾರ ಬೆಳಿಗ್ಗೆ ಅದರ ವರದಿ ಅನ್ನಪೂರ್ಣಾಳ ಮೇಜಿಗೆ ಬರುತ್ತಿತ್ತು.

ಆಗಸ್ಟಿನ ಒಂದು ವರದಿಯಲ್ಲಿ ಆರನೆಯ ಸಾಲನ್ನು ಅವಳು ಎರಡು ಸಲ ಓದಿದಳು. ಊರು–ಹೊಲ ಇಂಡೆಕ್ಸ್: ಬಳಕೆಯಿಲ್ಲ, ತೆಗೆಯಲಾಗಿದೆ.

ಬಳಕೆ ಎಲ್ಲಿಂದ ಇರಬೇಕು? ಕಾರ್ಖಾನೆ ಏಪ್ರಿಲ್ಲಿನಲ್ಲಿ ನಿಂತಿತ್ತು. ಮಳೆಗಾಲದಲ್ಲಿ ರೈತರು ಬೀಜ–ಗೊಬ್ಬರಕ್ಕೆಂದು ಬರುತ್ತಾರೆ, ತಮ್ಮ ರೈತ ಕಾರ್ಡಿನ ಮೇಲಿನ ನಂಬರು ತೋರಿಸುತ್ತಾರೆ; ಅದರಿಂದ ತೆರೆಯುವುದು ಬೀಜ–ಗೊಬ್ಬರದ ಖಾತೆ ಮಾತ್ರ, ಹೊಲವಲ್ಲ. ಹೊಲದ ನಂಬರು ಹಿಡಿದು ಹುಡುಕುವುದು ಕಬ್ಬು ಕಡಿಯುವಾಗ ಮಾತ್ರ. ಪುಣೆಯ ಸಾಧನಕ್ಕೆ ಹಂಗಾಮು ಎಂದರೇನೆಂದು ಗೊತ್ತಿರಲಿಲ್ಲ.

ಅವಳು ಮರುದಿನವೇ ಅರ್ಜಿ ಬರೆದುಕೊಂಡು ಹುಕ್ಕೇರಿಗೆ ಹೋದಳು.

"ಸರ್, ಅದನ್ನ ತಿರುಗಿ ಕಟ್ಟರಿ. ನಾ ಮಾಡಾಕ ಹೋದ್ರ ಪಾಸ್‌ವರ್ಡ್ ಕೇಳಾಕತ್ತೈತಿ."

ಅಭಿನಂದನ ಅರ್ಜಿ ಓದಿದ. "ನೀವು ಹೇಳೂದು ಖರೆ ಐತ್ರಿ ಮೇಡಂ. ಆದ್ರ ಪಾಸ್‌ವರ್ಡ್ ನನ್ನ ಕಡೆನೂ ಇಲ್ಲ ಈಗ. ಕರಾರಿನಾಗ ಬರದಾರ: ನಾವ್ಯಾರೂ ಕೈ ಹಚ್ಚೂಹಂಗಿಲ್ಲ. ಪುಣೆಕ್ಕ ಕಳಸ್ತೇನಿ."

"ಎಂದ ಆಕ್ಕೈತ್ರಿ?"

"ಅವರು ಕೇಳ್ತಾರ, ಯಾರೂ ಬಳಸದ್ದು ನಿಮಗ್ಯಾಕ ಬೇಕು ಅಂತ. ಏನ ಹೇಳ್ಲಿ?"

ಅರ್ಜಿಗೆ 'ಸ್ವೀಕರಿಸಿದೆ' ಎಂಬ ಶಿಕ್ಕಾ ಬಿತ್ತು. ಅನ್ನಪೂರ್ಣಾ ಶಿಕ್ಕಾ ಬಿದ್ದ ಪ್ರತಿಯನ್ನು ಜೋಪಾನವಾಗಿ ಫೈಲಿಗೆ ಹಾಕಿದಳು. ಸೆಪ್ಟೆಂಬರಿನಲ್ಲಿ ಎರಡು ಸಲ ಫೋನ್ ಮಾಡಿದಳು. "ಕಳಿಸೀನ್ರಿ," ಎಂಬ ಉತ್ತರವೇ ಎರಡು ಸಲವೂ.

ದಸರೆಯ ಖಂಡೆಪೂಜೆಯ ಹಿಂದಿನ ದಿನ ಕಚೇರಿಯ ಧೂಳು ಹೊಡೆದರು. ಪ್ರತಿ ವರ್ಷ ಅಂದು ಕಪಾಟು ಖಾಲಿ ಮಾಡಿ, ತೂಕದ ಕಾಟಾದಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲವನ್ನೂ ಒರೆಸಿ ವಿಭೂತಿ ಹಚ್ಚುವ ಪದ್ಧತಿ. ಉದ್ದಪ್ಪ ತನ್ನ ಹಳೆಯ ರಜಿಸ್ಟರುಗಳನ್ನು ರದ್ದಿಯವನ ಗಾಡಿಗೆ ಹಾಕಿಸುತ್ತಿದ್ದ.

"ಕಾಕಾ, ಇವು ಇರ್ಲಿ," ಎಂದಳು ಅನ್ನಪೂರ್ಣಾ.

"ಯಾಕ? ಇಲಿಗೆ ಮನಿ ಆಗೇತಿ. ನಿನ್ನ ಡಬ್ಬಿ ಐತೆಲ್ಲ ತಂಗಿ."

ಇಂಡೆಕ್ಸ್ ಹೋದದ್ದನ್ನು ಅವಳು ಆಗಲೂ ಅವನಿಗೆ ಹೇಳಲಿಲ್ಲ. ಹಬ್ಬದ ಹೊತ್ತಿನಲ್ಲಿ ಯಾಕೆ, ಅಷ್ಟರಲ್ಲಿ ಪುಣೆಯವರು ಸರಿಮಾಡಿಯಾರು ಎಂದುಕೊಂಡಳು. ಸೀರೆಯ ಪಟ್ಟಿಗಳು ಗಾಡಿಯ ಅಂಚಿನಿಂದ ಜೋತಾಡುತ್ತ ಹೋದವು.

ನವೆಂಬರಿನಲ್ಲಿ ಹಂಗಾಮು ಶುರುವಾಯಿತು. ಅದೇ ದಿನ ಬೆಳಿಗ್ಗೆ ಜಿನ್ನವ್ವ ಕಚೇರಿಗೆ ಓಡಿ ಬಂದಳು. ಸೀರೆಗೆಲ್ಲ ಮಸಿ. ಬಾಜೂ ಹೊಲದವರು ಗಾಣಕ್ಕೆ ಕಬ್ಬು ಕಡಿದು, ಉಳಿದ ಒಣಗರಿಯ ರವದಿ ಸುಡಲು ಹಚ್ಚಿದ ಬೆಂಕಿ ಗಾಳಿಗೆ ಇವಳ ಕಬ್ಬಿಗೆ ಹಾರಿತ್ತು. ನಾಲ್ಕೂ ಎಕರೆ. ಸುಟ್ಟ ಕಬ್ಬು ಮೂರು ದಿನದೊಳಗೆ ಕಾರ್ಖಾನೆಗೆ ಬರಬೇಕು. ಆಮೇಲೆ ರಸ ಹುಳಿಯುತ್ತದೆ, ಗೇಟಿನಲ್ಲೇ ತಿರುಗಿಸಿ ಕಳಿಸುತ್ತಾರೆ. ಸುಟ್ಟದ್ದಕ್ಕೆ ಮೊದಲ ಚೀಟಿ ಎಂಬ ನಿಯಮವೇನೋ ಇತ್ತು.

"ನಂಬರ ನಿನಗ ಗೊತ್ತ ಐತಿ, ಯವ್ವಾ. ಲಗೂನ ತಗಿ."

ಅನ್ನಪೂರ್ಣಾ ಊರು ಬರೆದಳು, ಹೊಲದ ನಂಬರು ಬರೆದಳು, ಕೀಲಿ ಒತ್ತಿದಳು. ಯಂತ್ರ ಲಕ್ಷಾಂತರ ಸಾಲುಗಳನ್ನು ಮೊದಲಿನಿಂದ ಓದತೊಡಗಿತು. ಆರು ಕಿಟಕಿಗಳಲ್ಲಿ ಆರು ಗುಮಾಸ್ತರು ಆರು ಹೊಲ ಹುಡುಕುತ್ತಿದ್ದರು. ಹನ್ನೊಂದು ನಿಮಿಷದ ನಂತರ ಪರದೆಯ ಮೇಲೆ ಸಮಯ ಮೀರಿದೆ ಎಂದು ಬಂತು. ಮತ್ತೆ ಒತ್ತಿದಳು. ಮತ್ತೆ ಅದೇ.

ಹೊರಗೆ ಸಾಲು ಬೆಳೆಯಿತು. ಹಿಂದಿನಿಂದ ಸಾತಪ್ಪನೆಂಬ ರೈತ ಕೂಗಿದ: "ಏನ್ರಿ ಅಕ್ಕಾರ, ಕಂಪ್ಯೂಟರಿಗೆ ಚಾ ಕುಡಿಸಿರಿಲ್ಲೋ?" ಎಲ್ಲರೂ ನಕ್ಕರು. ಜಿನ್ನವ್ವ ನಗಲಿಲ್ಲ.

ಆಗ ಅನ್ನಪೂರ್ಣಾ ಉದ್ದಪ್ಪನಿಗೆ ಎಲ್ಲವನ್ನೂ ಹೇಳಿದಳು. ಅವನು ಬೈಯಲಿಲ್ಲ. ಕನ್ನಡಕ ತೆಗೆದು, ನೆನಪಿನಿಂದಲೇ ಆ ಹೊಲದ ನಂಬರು, ನಾಟಿಯ ತಾರೀಖು, ಕಬ್ಬಿನ ತಳಿ ಎಲ್ಲ ಒಂದು ಕಾಗದದ ಮೇಲೆ ಬರೆದು ಸಹಿ ಹಾಕಿದ. ಜಿನ್ನವ್ವ ಅದನ್ನು ಹಿಡಿದು ಕಾಟಾಕ್ಕೆ ಹೋದಳು. ಅಲ್ಲಿ ತೂಕ ನೋಡುತ್ತಿದ್ದ ಯಲ್ಲಾರಿ ಕಾಗದವನ್ನು ಎರಡೂ ಕೈಯಿಂದ ಗೌರವದಿಂದಲೇ ತಿರುಗಿ ಕೊಟ್ಟ. "ಉದ್ದಪ್ಪನವರ ಅಕ್ಷರ ನನಗ ಗುರ್ತ ಐತ್ರಿ ಆಯಿ. ಈ ಮಿಶಿನಿಗೆ ಗುರ್ತ ಇಲ್ಲ. ಕಂಪ್ಯೂಟರ ಚಿಟ್ಟಿ ನಂಬರ ಹಾಕದಿದ್ರ ಕಾಟಾ ತೂಗೂದಿಲ್ಲ."

ಮೊದಲ ದಿನ ಹೋಯಿತು, ಎರಡನೆಯ ದಿನವೂ. ಅಭಿನಂದನ ಹುಕ್ಕೇರಿಯಿಂದ ಪುಣೆಗೆ ಮೇಲಿಂದ ಮೇಲೆ ಫೋನ್ ಮಾಡಿದ. ದೂರು ದಾಖಲಾಗಿದೆ, ಸರದಿಯಲ್ಲಿದೆ ಎಂದರಂತೆ. ಅನ್ನಪೂರ್ಣಾ ಊಟದ ಹೊತ್ತಿನಲ್ಲಿ, ಉಳಿದವರು ಎದ್ದು ಹೋದಾಗ, ಯಂತ್ರ ಹಗುರಾದೀತೆಂದು ಒಬ್ಬಳೇ ಕುಳಿತು ಒತ್ತಿ ನೋಡಿದಳು. ಕೆಲವರ ಹೊಲ ಸಿಕ್ಕಿತು. ಜಿನ್ನವ್ವನ ಆ ವರ್ಷದ ನಾಟಿಯ ಸಾಲು ಎಲ್ಲೋ ಕೊನೆಯ ಕಡೆ ಇತ್ತು; ಅದು ಸಿಗುವ ಮೊದಲೇ ಸಮಯ ಮೀರುತ್ತಿತ್ತು. ಜಿನ್ನವ್ವ ಅದೇ ಹಳೆಯ ಬಾಕಿನ ಮೇಲೆ ಗೋಡೆಗೆ ತಲೆ ಆನಿಸಿ ಕೂತಿರುತ್ತಿದ್ದಳು.

ಇಂಡೆಕ್ಸ್ ತಿರುಗಿ ಬಂದದ್ದು ಐದನೆಯ ದಿನ ಮಧ್ಯಾಹ್ನ. ಪುಣೆಯಲ್ಲಿ ಯಾರೋ ಕಟ್ಟಲು ತೆಗೆದುಕೊಂಡ ಸಮಯ ನಾಲ್ಕು ನಿಮಿಷ. ಜಿನ್ನವ್ವನ ಚೀಟಿ ಮೂರು ಸೆಕೆಂಡಿಗೆ ಬಂತು. ಅನ್ನಪೂರ್ಣಾ ಅದನ್ನು ಪ್ರಿಂಟರಿನಿಂದ ಹರಿದು ಅವಳ ಕೈಗಿತ್ತಳು.

ಜಿನ್ನವ್ವ ಚೀಟಿ ತಿರುಗಿಸಿ ನೋಡಿದಳು. "ಹನ್ನೊಂದ ಜಿನ್ನವ್ವಗೋಳೊಳಗ ನಾನಽ ಸಿಗಲಿಲ್ಲೇನವ್ವಾ ನಿನಗ?" ಎಂದಳು. ಬೈಗುಳದ ದನಿಯಲ್ಲ, ದಣಿದ ದನಿ. ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದಳು. ಹೊಲದಲ್ಲಿ ಹುಳಿತು ನಿಂತಿದ್ದ ಕಬ್ಬನ್ನು ಕೂಲಿಯವರಿಂದ ಕಡಿಸಿ ಬದುವಿಗೆ ಒಟ್ಟಿಸಿದಳೆಂದು ಆಮೇಲೆ ತಿಳಿಯಿತು. ಮುಂದಿನ ವರ್ಷ ಅವಳು ಗೋವಿನಜೋಳ ಹಾಕಿದಳು. ಕಬ್ಬಿನ ಕಚೇರಿಗೆ ಮತ್ತೆ ಬರಲಿಲ್ಲ.

ಸಾಧನವನ್ನು ಯಾರೂ ತೆಗೆಯಲಿಲ್ಲ. ಅದರ ನಿಯಮ ಬದಲಿಸಿರೆಂದು ಅನ್ನಪೂರ್ಣಾ ಇನ್ನೂ ಮೂರು ಅರ್ಜಿ ಬರೆದಳು. ಮೂರಕ್ಕೂ ಶಿಕ್ಕಾ ಬಿದ್ದಿದೆ. ಉದ್ದಪ್ಪ ನಿವೃತ್ತನಾದ.

ಅನ್ನಪೂರ್ಣಾ ಈಗಲೂ ಅದೇ ಕಚೇರಿಯಲ್ಲಿದ್ದಾಳೆ. ಕಾರ್ಖಾನೆ ನಿಂತ ತಿಂಗಳುಗಳಲ್ಲಿ, ಪ್ರತಿ ಶನಿವಾರ ಸಂಜೆ ಬಸ್ಸಿಗೆ ಹೋಗುವ ಮೊದಲು, ನಲವತ್ಮೂರು ಊರುಗಳಿಂದ ಒಂದೊಂದು ಹೊಲದ ನಂಬರು ಬರೆದು ಹುಡುಕುತ್ತಾಳೆ. ಎಷ್ಟು ಸಲ ಕೇಳಿದರೆ ಆ ಸಾಧನಕ್ಕೆ ಬಳಕೆಯಿದೆ ಎನಿಸುತ್ತದೆಂದು ಅವಳಿಗೆ ಯಾರೂ ಹೇಳಿಲ್ಲ. ಅದಕ್ಕೆ ಎಲ್ಲ ಊರನ್ನೂ ಕೇಳುತ್ತಾಳೆ. ಮೊದಲು ಬರೆಯುವುದು ಜಿನ್ನವ್ವನ ಹೊಲದ ನಂಬರು.